ಕ್ರೀಡಾ ಪುಟದ ಮೂಲೆಯಲ್ಲಿ ಓಡುವ ಕುದುರೆಗಳು: ರೇಸ್ ಕಾಲಂ ಓದೋದು ಹೇಗೆ?

ಕ್ರಿಕೆಟ್, ಕಬಡ್ಡಿ, ಟೆನಿಸ್ ಎಲ್ಲ ಮುಗಿದ ಮೇಲೆ ಕ್ರೀಡಾ ಪುಟದ ಕೆಳಗಿನ ಮೂಲೆಯಲ್ಲಿ ಕೆಲವೊಮ್ಮೆ ಸಣ್ಣ ಅಕ್ಷರದ ಒಂದು ಚೌಕ ಇರುತ್ತದೆ. ಹೆಚ್ಚಿನವರ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ನಿಂತರೂ ಸಿಗುವುದು ಇಂಥದ್ದು:

3. (1,200 ಮೀ., ರೇಟೆಡ್ 20 ಟು 45): ಬೆಳ್ಳಿಚುಕ್ಕಿ 1, ಮಿಂಚುಳ್ಳಿ 2, ಗರುಡಗಂಬ 3, ಕಾರ್ಮುಗಿಲು 4. ನಾಟ್ ರನ್: ಹೂಮಳೆ. ನೆಕ್, 1-1/4, ಶಾರ್ಟ್ ಹೆಡ್. 1ನಿ. 14.2ಸೆ. ರೂ. 63 (ವಿನ್), 19, 14, 41 (ಪ್ಲೇಸ್). ಎಸ್‌ಎಚ್‌ಪಿ: 38, ಟಿಎಚ್‌ಪಿ: 77, ಎಫ್‌ಪಿ: 204, ಕ್ಯೂ: 96. ಫೇವರಿಟ್: ಮಿಂಚುಳ್ಳಿ.

ಅಕ್ಷರ ಕನ್ನಡದ್ದೇ. ಆದರೆ ತಲೆಬುಡ ಗೊತ್ತಾಗುವುದಿಲ್ಲ, ಅಲ್ವಾ? ಇದರಲ್ಲಿರುವ ಕುದುರೆಗಳ ಹೆಸರು, ಅಂಕಿ ಎಲ್ಲ ಉದಾಹರಣೆಗೆ ಅಂತ ನಾನು ಸುಮ್ನೆ ಇಟ್ಟವು. ಅಚ್ಚು ಮಾತ್ರ ಅಸಲಿ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ರೇಸ್ ನಡೆದ ಮಾರನೇ ದಿನ ಪೇಪರಿನಲ್ಲಿ ಬರುವ ಫಲಿತಾಂಶ ಹೆಚ್ಚುಕಮ್ಮಿ ಹೀಗೇ ಇರುತ್ತದೆ. ಒಂದು ವ್ಯತ್ಯಾಸ ಅಂದರೆ, ನಿಜವಾದ ಕಾಲಂನಲ್ಲಿ ಇಷ್ಟು ಚೆಂದದ ಕನ್ನಡ ಹೆಸರು ಸಿಗುವುದು ಅಪರೂಪ. ರೇಸ್ ಕುದುರೆಗಳ ಹೆಸರು ಬಹುಪಾಲು ಇಂಗ್ಲಿಷಿನವು. ಖಾಲಿ ಜಾಗವೂ ಸೇರಿ 18 ಅಕ್ಷರ ಮೀರುವಂತಿಲ್ಲ ಅನ್ನುವ ನಿಯಮ ಬೇರೆ. ಹಾಗಾಗಿ ಎರಡು ಮೂರು ಪದ ಒತ್ತೊತ್ತಾಗಿ ಅಂಟಿಸಿದ ಹೆಸರುಗಳು ಹುಟ್ಟುತ್ತವೆ. ಅವನ್ನು ಕನ್ನಡ ಲಿಪಿಗೆ ಇಳಿಸುವ ಪುಣ್ಯಾತ್ಮರ ಕಷ್ಟ ಅವರಿಗೇ ಗೊತ್ತು.

ನನ್ನ ಸೋದರಮಾವ ಈ ಚೌಕವನ್ನು ಪೆನ್ಸಿಲ್ ಹಿಡಿದುಕೊಂಡೇ ಓದುತ್ತಿದ್ದರು. ಮನೆಯವರ ಪ್ರಕಾರ ಅವರು ಕುದುರೆ ಬಾಲಕ್ಕೆ ದುಡ್ಡು ಕಟ್ಟಿ ಹಾಳಾದವರು. ಅವರ ಪ್ರಕಾರ ಅವರು ಪೇಪರ್ ಓದಲು ಬಲ್ಲ ಒಬ್ಬರೇ ಒಬ್ಬರು. ಎರಡರಲ್ಲೂ ಒಂದಿಷ್ಟು ನಿಜ ಇತ್ತು. ನಾನು ಬಾಜಿ ಕಟ್ಟುವುದನ್ನು ಕಲಿಯಲಿಲ್ಲ, ಓದುವುದನ್ನು ಕಲಿತೆ. ಮೇಲಿನ ನಾಲ್ಕು ಸಾಲಿನಲ್ಲಿ ಒಂದು ವಾರದ ಕಥೆ ಇದೆ. ಅದನ್ನು ಶುರುವಿನಿಂದ ಬಿಚ್ಚೋಣ.

ಯಾವ ಊರಿನ ರೇಸು?

ಕ್ರಿಕೆಟ್ಟಿಗೆ ಇಡೀ ದೇಶಕ್ಕೆ ಒಂದೇ ಮಂಡಳಿ. ಕುದುರೆ ರೇಸ್ ಹಾಗಲ್ಲ. ಇದು ಊರಿನ ಆಟ. ಮುಂಬೈ-ಪುಣೆಗೆ ರೇಸ್ ನಡೆಸುವ ಒಂದು ಟರ್ಫ್ ಕ್ಲಬ್, ಕೋಲ್ಕತ್ತಾಕ್ಕೆ ಒಂದು, ಚೆನ್ನೈಗೆ, ಹೈದರಾಬಾದಿಗೆ, ಬೆಂಗಳೂರಿಗೆ ಒಂದೊಂದು. ಒಬ್ಬೊಬ್ಬರದು ಒಂದೊಂದು ಸೀಸನ್. ನಮ್ಮಲ್ಲಿ ಬೆಂಗಳೂರು ಟರ್ಫ್ ಕ್ಲಬ್ ಇದೆ, ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲಿ ಮೈಸೂರು ರೇಸ್ ಕ್ಲಬ್ ಇದೆ. ಸಾಮಾನ್ಯವಾಗಿ ಬೇಸಿಗೆ ಕೊನೆಯಿಂದ ಮಳೆಗಾಲದ ನಡುವಿನವರೆಗೆ ಬೆಂಗಳೂರು, ಆಮೇಲೆ ದಸರಾ ಆಸುಪಾಸಿನಲ್ಲಿ ಮೈಸೂರು, ಚಳಿಗಾಲದಲ್ಲಿ ಮತ್ತೆ ಬೆಂಗಳೂರು. ಹಿಂದೆ ಬೇಸಿಗೆಯಲ್ಲಿ ಊಟಿಯಲ್ಲೂ ಓಟ ಇರುತ್ತಿತ್ತು. ಸೀಸನ್ ತಿರುಗಿದ ಹಾಗೆ ಕುದುರೆ, ಸವಾರಿ ಮಾಡುವ ಜಾಕಿ, ತಯಾರು ಮಾಡುವ ಟ್ರೈನರ್, ಕುದುರೆ ನೋಡಿಕೊಳ್ಳುವ ಸೈಸ್ ಎಲ್ಲರೂ ಲಾರಿ ಹತ್ತಿ ಊರೂರು ತಿರುಗುತ್ತಾರೆ. ಒಂಥರಾ ಕಂಪನಿ ನಾಟಕದ ಹಾಗೆ.

ಹಾಗಾದರೆ ಮೈಸೂರಿನಲ್ಲಿ ಓಟ ಇಲ್ಲದ ದಿನ ಕ್ಲಬ್ಬಿನ ಬಾಗಿಲು ಮುಚ್ಚಿರುತ್ತದೆಯೇ? ಇಲ್ಲ. ಬೇರೆ ಊರಿನ ರೇಸನ್ನು ಪರದೆ ಮೇಲೆ ನೇರವಾಗಿ ತೋರಿಸುತ್ತಾರೆ, ಜನ ಅದಕ್ಕೇ ಕಟ್ಟುತ್ತಾರೆ. ಇದಕ್ಕೆ ಇಂಟರ್‌ವೆನ್ಯೂ ಬೆಟ್ಟಿಂಗ್ ಅನ್ನುತ್ತಾರೆ. ಇಲ್ಲಿನ ಪೇಪರಿನಲ್ಲಿ ಒಂದು ದಿನ ಪುಣೆ, ಇನ್ನೊಂದು ದಿನ ಹೈದರಾಬಾದ್ ಓಟದ ಪಟ್ಟಿ ಬರುವುದು ಇದೇ ಕಾರಣಕ್ಕೆ. ಪುಣೆ ಕುದುರೆಗಳ ಮೇಲೆ ಮಂಡ್ಯದವರಿಗೆ ಪ್ರೀತಿ ಉಕ್ಕಿ ಬಂದು ಅಲ್ಲ.

ಇನ್ನೊಂದು ಮಾತು. ಕುದುರೆಗೂ ಈ ಭಾಗಕ್ಕೂ ನಂಟು ಹಳೆಯದು. ಕುಣಿಗಲ್ಲಿನ ಕುದುರೆ ಫಾರ್ಮ್ ಹೈದರ್-ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಜಾಗ. ಮುಂದೆ ಅದೇ ನೆಲದಲ್ಲಿ ರೇಸ್ ಕುದುರೆಗಳು ಬೆಳೆದವು.

ತೂಕ ಹಂಚುವ ಲೆಕ್ಕ

ಈಗ ಸಾಲಿಗೆ ಬರೋಣ. ‘ರೇಟೆಡ್ 20 ಟು 45’ ಅಂದರೇನು? ಇಲ್ಲಿ ಇಡೀ ಆಟದ ಬೇರು ಇದೆ. ಇದೊಂದು ತಿಳಿದರೆ ಅರ್ಧ ಕಾಲಂ ತಿಳಿದ ಹಾಗೆ.

ಎಲ್ಲ ಕುದುರೆಗಳನ್ನೂ ಸುಮ್ನೆ ಸಾಲಾಗಿ ನಿಲ್ಲಿಸಿ ಓಡಿಸಿದರೆ ಚೆನ್ನಾಗಿರುವ ಕುದುರೆ ಪ್ರತಿ ಸಲ ಗೆಲ್ಲುತ್ತದೆ. ನೋಡುವವರಿಗೂ ಬೇಜಾರು, ಕಟ್ಟುವವರಿಗೂ ಬೇಜಾರು. ಅದಕ್ಕೆ ಕ್ಲಬ್ಬಿನಲ್ಲಿ ಹ್ಯಾಂಡಿಕ್ಯಾಪರ್ ಅಂತ ಒಬ್ಬರು ಇರುತ್ತಾರೆ. ಪ್ರತಿ ಕುದುರೆಯ ಹಿಂದಿನ ಓಟ ನೋಡಿ ಅವರು ಅದಕ್ಕೊಂದು ಅಂಕಿ ಕೊಡುತ್ತಾರೆ. ಅದೇ ರೇಟಿಂಗ್. ಹೆಚ್ಚುಕಮ್ಮಿ ಒಂದೇ ಮಟ್ಟದ ಕುದುರೆಗಳನ್ನು ಒಂದು ರೇಸಿಗೆ ಸೇರಿಸುತ್ತಾರೆ. ‘20 ಟು 45’ ಅಂದರೆ ಕೆಳಗಿನ ಮಟ್ಟದ, ಆದರೆ ತೀರಾ ತಳದ್ದಲ್ಲದ ಗುಂಪು. ಮೇಲಕ್ಕೆ ಹೋದ ಹಾಗೆ 40, 60, 80 ಅಂತ ಮೆಟ್ಟಿಲು.

ಆದರೂ ಅದೇ ಗುಂಪಿನಲ್ಲಿ 45ರ ಕುದುರೆಯೂ ಇದೆ, 25ರದ್ದೂ ಇದೆ. ಈ ಅಂತರ ಮುಚ್ಚುವುದು ತೂಕ. ಒಂದು ರೇಟಿಂಗ್ ಪಾಯಿಂಟಿಗೆ ಅರ್ಧ ಕೆಜಿ. ನಮ್ಮ ಮಿಂಚುಳ್ಳಿಯ ರೇಟಿಂಗ್ 45, ಬೆಳ್ಳಿಚುಕ್ಕಿಯದು 33 ಅಂತಿಟ್ಟುಕೊಳ್ಳಿ. ಮಿಂಚುಳ್ಳಿ 60 ಕೆಜಿ ಹೊತ್ತು ಓಡಿದರೆ ಬೆಳ್ಳಿಚುಕ್ಕಿ 54 ಕೆಜಿ ಹೊರುತ್ತದೆ. ಹನ್ನೆರಡು ಪಾಯಿಂಟಿಗೆ ಆರು ಕೆಜಿ. ಈ ತೂಕದಲ್ಲಿ ಜಾಕಿ, ಜೀನು ಎಲ್ಲ ಸೇರಿದೆ. ಜಾಕಿ ಹಗುರ ಇದ್ದರೆ ಜೀನಿನ ಚೀಲಕ್ಕೆ ಸೀಸದ ಬಿಲ್ಲೆ ತುರುಕುತ್ತಾರೆ. ಓಟಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಜಾಕಿ ಜೀನು ಸಮೇತ ತಕ್ಕಡಿ ಹತ್ತಬೇಕು. ಇನ್ನೂ ಕಲಿಯುತ್ತಿರುವ ಅಪ್ರೆಂಟಿಸ್ ಹುಡುಗ ಹತ್ತಿದರೆ ಕುದುರೆಗೆ ಇನ್ನೂ ಒಂದೆರಡು ಕೆಜಿ ರಿಯಾಯಿತಿ ಸಿಗುತ್ತದೆ. ಕೆಲವು ಟ್ರೈನರ್‌ಗಳು ಬೇಕಂತಲೇ ಹೊಸ ಹುಡುಗನನ್ನು ಹತ್ತಿಸುವುದು ಇದಕ್ಕೇ.

ಗೆದ್ದ ಕುದುರೆಯ ರೇಟಿಂಗ್ ಏರುತ್ತದೆ. ಮುಂದಿನ ಸಲ ತೂಕ ಜಾಸ್ತಿ. ಸೋಲುತ್ತಾ ಬಂದರೆ ಇಳಿಯುತ್ತದೆ, ತೂಕ ಕಮ್ಮಿ. ಕುದುರೆಯ ಬಾಳೇ ಹೀಗೆ ಏಣಿ ಹತ್ತಿ ಇಳಿಯುವುದು. ಇಲ್ಲೊಂದು ಚೇಷ್ಟೆಗೂ ಜಾಗ ಇದೆ. ಬೇಕಂತ ಎರಡು ಮೂರು ಸಲ ಸೋಲಿಸಿ, ತೂಕ ಇಳಿದ ಮೇಲೆ ಗೆಲ್ಲಿಸಿದರೆ? ಹಾಗೆ ಮಾಡಬಾರದು ಅಂತಲೇ ಸ್ಟೀವರ್ಡ್‌ಗಳು, ಅಂದರೆ ರೇಸಿನ ತೀರ್ಪುಗಾರರು, ಕೂತು ಪ್ರತಿ ಓಟದ ವಿಡಿಯೋ ನೋಡುತ್ತಾರೆ, ಜಾಕಿಗಳನ್ನು ಕರೆದು ಕೇಳುತ್ತಾರೆ, ದಂಡ ಹಾಕುತ್ತಾರೆ, ಅಮಾನತು ಮಾಡುತ್ತಾರೆ. ಸ್ಥಳೀಯ ಪೇಪರಿನಲ್ಲಿ ಈ ವಿಚಾರಣೆಗಳ ಬಗ್ಗೆ ಬಂದರೆ ಎರಡು ಸಾಲು. ನನ್ನ ಪ್ರಕಾರ ಕಾಲಂನ ದೊಡ್ಡ ಕೊರತೆ ಇದೇ. ಕ್ರಿಕೆಟ್ಟಿನಲ್ಲಿ ಒಂದು ಎಲ್‌ಬಿಡಬ್ಲ್ಯೂ ತೀರ್ಪಿಗೆ ಅರ್ಧ ಪುಟ ಚರ್ಚೆ ಮಾಡುವವರು ಇಲ್ಲಿ ಬಾಯಿ ಮುಚ್ಚಿಕೊಂಡಿರುತ್ತಾರೆ.

ಎಲ್ಲ ರೇಸೂ ಹೀಗೆ ತೂಕ ಹಂಚುವ ಹ್ಯಾಂಡಿಕ್ಯಾಪ್ ಅಲ್ಲ. ಡರ್ಬಿಯಂಥ ದೊಡ್ಡ ಓಟಗಳಲ್ಲಿ ಗಂಡು ಕುದುರೆಗಳಿಗೆಲ್ಲ ಒಂದೇ ತೂಕ, ಹೆಣ್ಣು ಕುದುರೆಗಳಿಗೆ ಸ್ವಲ್ಪ ರಿಯಾಯಿತಿ ಅಷ್ಟೆ. ಅಲ್ಲಿ ಯಾರು ಬಲಶಾಲಿಯೋ ಅವರೇ ಗೆಲ್ಲಬೇಕು. ಮುಂಬೈನ ಮಹಾಲಕ್ಷ್ಮಿಯಲ್ಲಿ 1943ರಿಂದ ನಡೆಯುತ್ತಿರುವ ಇಂಡಿಯನ್ ಡರ್ಬಿ 2,400 ಮೀಟರಿನದು. ಬೆಂಗಳೂರಿಗೂ ಮೈಸೂರಿಗೂ ತಮ್ಮದೇ ಡರ್ಬಿಗಳಿವೆ. ಆ ಒಂದು ದಿನ ಮಾತ್ರ ರೇಸ್ ಸುದ್ದಿ ಮೂಲೆಯಿಂದ ಎದ್ದು ಪುಟದ ನಡುವಿಗೆ ಬರುತ್ತದೆ. ಫೋಟೋ ಬರುತ್ತದೆ. ಮಾಲೀಕರು ಟ್ರೋಫಿ ಹಿಡಿದಿರುತ್ತಾರೆ, ಹಿಂದೆ ಟೋಪಿ ಹಾಕಿದ ಹೆಂಗಸರು, ಕುದುರೆ ಅರ್ಧ ಕತ್ತರಿಸಿ ಹೋಗಿರುತ್ತದೆ.

ಬೆಳಗಿನ ಜಾವದ ಗಡಿಯಾರ

ವಾರದ ಶುರುವಿನಲ್ಲಿ ಪೇಪರಿನಲ್ಲಿ ಬರುವುದು ಹ್ಯಾಂಡಿಕ್ಯಾಪ್ ಪಟ್ಟಿ, ಅಂದರೆ ಹೆಸರು ಕೊಟ್ಟ ಎಲ್ಲ ಕುದುರೆಗಳು. ಆಮೇಲೆ ಅಕ್ಸೆಪ್ಟೆನ್ಸ್, ‘ಹೌದು, ಈ ತೂಕಕ್ಕೆ ನಾವು ಓಡುತ್ತೇವೆ’ ಅಂತ ಒಪ್ಪಿಕೊಂಡವು. ಇವೆರಡೂ ಬರೀ ಪಟ್ಟಿ. ಓದುವ ಮಜಾ ಇರುವುದು ಮುಂದಿನದರಲ್ಲಿ. ಅದಕ್ಕೆ ಟ್ರ್ಯಾಕ್ ವರ್ಕ್ ಅನ್ನುತ್ತಾರೆ.

ಕತ್ತಲು ಹರಿಯುವ ಹೊತ್ತಿಗೆ ಕುದುರೆಗಳು ಅಭ್ಯಾಸಕ್ಕೆ ಮರಳಿನ ಟ್ರ್ಯಾಕಿಗೆ ಬರುತ್ತವೆ. ಅಂಚಿನಲ್ಲಿ ಕೆಲವರು ದುರ್ಬೀನು, ಸ್ಟಾಪ್‌ವಾಚ್ ಹಿಡಿದು ನಿಂತಿರುತ್ತಾರೆ. ಕುದುರೆ ಬೆನ್ನ ಮೇಲೆ ಹೆಸರಿರುವುದಿಲ್ಲ. ಹಣೆ ಮೇಲಿನ ಬಿಳಿ ಪಟ್ಟೆ, ಕಾಲಿನ ಬಿಳಿ ಸಾಕ್ಸು, ಓಡುವ ಗತ್ತು ನೋಡಿಯೇ ಇದು ಇಂಥ ಕುದುರೆ ಅಂತ ಗುರುತಿಸಬೇಕು. ಮಂಜು ಬಿದ್ದ ದಿನ ನೂರಾರು ಮೀಟರ್ ದೂರದಿಂದ ಇದು ಹುಡುಗಾಟದ ಕೆಲಸ ಅಲ್ಲ. ಅವರು ಬರೆದುಕೊಂಡದ್ದು ಮಾರನೇ ದಿನ ಹೀಗೆ ಅಚ್ಚಾಗುತ್ತದೆ:

ಮಿಂಚುಳ್ಳಿ (ಜಾಕಿ ಹೆಸರು) 1-18, (1,000) 1-4, (600) 40. ಪುಶ್ಡ್ ಔಟ್. ಬೆಳ್ಳಿಚುಕ್ಕಿ (ಆರ್‌ಬಿ) 1-21, (1,000) 1-6, (600) 38. ಫಿನಿಶ್ಡ್ ವೆಲ್.

ಮೊದಲ ಅಂಕಿ ಪೂರ್ತಿ 1,200 ಮೀಟರಿಗೆ ಹಿಡಿದ ಸಮಯ, 1-18 ಅಂದರೆ 1 ನಿಮಿಷ 18 ಸೆಕೆಂಡ್. ಎರಡನೆಯದು ಅದರಲ್ಲೇ ಕೊನೆಯ 1,000 ಮೀಟರಿಗೆ, ಮೂರನೆಯದು ಕೊನೆಯ 600ಕ್ಕೆ. ಮೇಲ್ನೋಟಕ್ಕೆ ಮಿಂಚುಳ್ಳಿ ಮೂರು ಸೆಕೆಂಡ್ ಬೇಗ. ಹೊಸಬರು ಇಲ್ಲೇ ಮೋಸ ಹೋಗುತ್ತಾರೆ. ಈಗ ಕಳೆದು ನೋಡಿ.

ಮಿಂಚುಳ್ಳಿ ಮೊದಲ 200 ಮೀಟರಿಗೆ 14 ಸೆಕೆಂಡ್ ತಗೊಂಡಿತು. ನಡುವಿನ 400ಕ್ಕೆ 24. ಅಂದರೆ ಪ್ರತಿ 200ಕ್ಕೆ 12 ಸೆಕೆಂಡಿನ ಹಾಗೆ ಹಾರಿತು. ಕೊನೆಯ 600ಕ್ಕೆ 40. ಅಂದರೆ ಪ್ರತಿ 200ಕ್ಕೆ 13 ಸೆಕೆಂಡ್ ಮೇಲೆ. ಸುಸ್ತಾಗಿದೆ. ಜತೆಗೆ ‘ಪುಶ್ಡ್ ಔಟ್’ ಅಂದಿದ್ದಾರೆ, ಅಂದರೆ ಮೇಲಿದ್ದವರು ತಳ್ಳಿ ತಳ್ಳಿ ಓಡಿಸಿದ್ದಾರೆ. ಬೆಳ್ಳಿಚುಕ್ಕಿ ಮೊದಲ 200ಕ್ಕೆ 15, ನಡುವಿನ 400ಕ್ಕೆ 28. ಆರಾಮಾಗಿ ಬಂದಿದೆ. ಕೊನೆಯ 600 ಮಾತ್ರ 38ರಲ್ಲಿ. ಓಡಿದಷ್ಟೂ ವೇಗ ಏರಿದೆ. ಹೊಟ್ಟೆಯಲ್ಲಿ ಇನ್ನೂ ದಮ್ಮಿದೆ.

ನನ್ನ ಮಾವ ಪೆನ್ಸಿಲ್ಲಿನಲ್ಲಿ ಪೇಪರಿನ ಅಂಚಿಗೆ ಬರೆಯುತ್ತಿದ್ದದ್ದು ಈ ಕಳೆಯುವ ಲೆಕ್ಕವನ್ನೇ. ನಾವು ಅದನ್ನು ಏನೋ ಮಂತ್ರ ಅಂದುಕೊಂಡಿದ್ದೆವು. ಮೂರನೇ ಕ್ಲಾಸಿನ ಗಣಿತ.

ಕಾಲಂ ಬರೆಯುವವರು ಕೊನೆಯಲ್ಲಿ ಸೇರಿಸುವ ಒಂದೆರಡು ಪದಗಳೂ ಒಂದು ಭಾಷೆ. ‘ಮೂವ್ಡ್ ಫ್ರೀಲಿ’ ಅಂದರೆ ಸಲೀಸಾಗಿ ಓಡಿತು. ‘ಪ್ಲೀಸ್ಡ್’ ಅಂದರೆ ಕಣ್ಣಿಗೆ ಹಿಡಿಸಿತು. ‘ಈಸಿ’ ಅಂದರೆ ಕುದುರೆಯನ್ನು ಬಿಗಿಹಿಡಿದೇ ಓಡಿಸಿದರು, ಸಮಯ ನೋಡಿ ತೀರ್ಮಾನ ಮಾಡಬೇಡಿ. ಇವನ್ನು ಕನ್ನಡಕ್ಕೆ ತರಬಹುದು, ಆದರೆ ರೇಸಿನವರು ಯಾರೂ ತರುವುದಿಲ್ಲ. ಟೈಲರ್ ‘ಕಾಜಾ’ ಅನ್ನುವ ಹಾಗೆ ಇದು ಆ ಕಸುಬಿನ ಮಾತು.

ಇನ್ನು ‘ಆರ್‌ಬಿ’. ಅದು ಯಾರ ಹೆಸರೂ ಅಲ್ಲ. ರೈಡಿಂಗ್ ಬಾಯ್. ಬೆಳಗ್ಗೆ ಕುದುರೆಗೆ ಅಭ್ಯಾಸ ಮಾಡಿಸುವ ಹುಡುಗ. ಜಾಕಿ ಹತ್ತಿದರೆ ಹೆಸರು ಬರುತ್ತದೆ. ಇವನು ಹತ್ತಿದರೆ ಎರಡು ಅಕ್ಷರ.

ಟಿಪ್ಸ್ ಕೊಡುವವರು

ರೇಸಿನ ದಿನ ಬೆಳಗ್ಗೆ ಬರುವುದು ಪೂರ್ತಿ ಕಾರ್ಡು. ಪ್ರತಿ ರೇಸಿಗೆ ಕುದುರೆಯ ನಂಬರು, ಹೆಸರು, ತೂಕ, ಜಾಕಿ, ಟ್ರೈನರ್, ಸ್ಟಾರ್ಟಿಂಗ್ ಗೇಟಿನಲ್ಲಿ ಅದರ ಜಾಗ. ಹಿಂದಿನ ಓಟಗಳ ಫಲವನ್ನು ಬರೀ ಅಂಕಿಯಲ್ಲಿ ಬರೆಯುವ ರೂಢಿಯೂ ಇದೆ. 1 ಅಂದರೆ ಗೆಲುವು, 2 ಅಂದರೆ ಎರಡನೆಯದು, 0 ಅಂದರೆ ಹೇಳಿಕೊಳ್ಳುವಂಥದ್ದಲ್ಲ. 1970ರ ದಶಕದಲ್ಲಿ ಸ್ಕ್ವಾಂಡರರ್ ಅನ್ನುವ ಕುದುರೆ 19 ಓಟಗಳಲ್ಲಿ 18 ಗೆದ್ದಿತ್ತು. ಅದನ್ನು ತಯಾರು ಮಾಡಿದ ರಶೀದ್ ಬೈರಾಮ್‌ಜಿ ಬೆಂಗಳೂರಿನಲ್ಲಿ ನೆಲೆಯೂರಿದ ಟ್ರೈನರ್. ಅದರ ಹಿಂದಿನ ಓಟಗಳ ಫಲ ಬರೆದರೆ ಒಂದರ ಪಕ್ಕ ಒಂದು ಬರೆಯುತ್ತಾ ಹೋಗಬೇಕು, ನಡುವೆ ಎಲ್ಲೋ ಒಂದು ಕಡೆ ಮುಗ್ಗರಿಸಬೇಕು. ಕಥೆ ಬರೆಯುವ ಅಗತ್ಯವೇ ಇಲ್ಲ.

ಕಾರ್ಡಿನ ಕೆಳಗೆ ನಾಲ್ಕಾರು ಸಾಲಿನಲ್ಲಿ ಟಿಪ್ಸ್. ಪ್ರತಿ ರೇಸಿಗೆ ಮೂರು ಹೆಸರು. ಕೊನೆಗೆ ‘ಡೇಸ್ ಬೆಸ್ಟ್’, ಅಂದರೆ ಆ ದಿನ ಅವರು ಎದೆ ತಟ್ಟಿ ಹೇಳುವ ಒಂದು ಕುದುರೆ. ಬರೆದವರ ಹೆಸರು ಹೆಚ್ಚಾಗಿ ಇರುವುದಿಲ್ಲ. ‘ನಮ್ಮ ಪ್ರತಿನಿಧಿಯಿಂದ’ ಅಂತಿರುತ್ತದೆ ಅಥವಾ ಅಂಕಿತನಾಮ. ಯಾಕೆ ಅಂತ ನೀವೇ ಊಹಿಸಬಹುದು. ಮೂವತ್ತು ಸಾವಿರ ಕಳಕೊಂಡವರು ಸಂಜೆ ಹುಡುಕಿಕೊಂಡು ಬಂದರೆ?

ಟಿಪ್ಸ್ ಎಷ್ಟು ನಿಜ ಆಗುತ್ತದೆ? ಹಲವು ದೇಶಗಳ ರೇಸ್‌ಗಳಲ್ಲಿ ಕಂಡ ಹಳೆಯ ಅಂದಾಜು ಒಂದಿದೆ: ಜನ ಅತಿ ಹೆಚ್ಚು ದುಡ್ಡು ಕಟ್ಟಿದ ಫೇವರಿಟ್ ಕುದುರೆ ಸುಮಾರು ಮೂರರಲ್ಲಿ ಒಂದು ಸಲ ಗೆಲ್ಲುತ್ತದೆ. ಪೇಪರಿನವರು ಹೆಚ್ಚಾಗಿ ಹೇಳುವುದೂ ಅಂಥದ್ದೇ ಹೆಸರು. ಏನೂ ಗೊತ್ತಿಲ್ಲದೆ ಫೇವರಿಟ್ ಹೆಸರು ಹೇಳುತ್ತಾ ಹೋದರೂ ಮೂರಕ್ಕೊಂದು ಸರಿಯಾಗುತ್ತದೆ. ಹಾಗಾಗಿ ‘ನಿನ್ನೆ ನಮ್ಮ ಮೂರು ಟಿಪ್ಸ್ ಗೆದ್ದವು’ ಅಂತ ಚೌಕ ಹಾಕಿ ಹೇಳಿಕೊಂಡರೆ ಮರುಳಾಗಬೇಡಿ. ಎಷ್ಟರಲ್ಲಿ ಮೂರು, ಗೆದ್ದದ್ದಕ್ಕೆ ಎಷ್ಟು ಸಿಕ್ಕಿತು ಅಂತ ಕೇಳಿ. ಇನ್ನೊಂದು ತಮಾಷೆ ಏನೆಂದರೆ, ಎಲ್ಲ ಪೇಪರೂ ಒಂದೇ ಕುದುರೆ ಹೆಸರು ಹೇಳಿದರೆ ಎಲ್ಲರೂ ಅದಕ್ಕೇ ಕಟ್ಟುತ್ತಾರೆ. ಎಲ್ಲರೂ ಅದಕ್ಕೇ ಕಟ್ಟಿದರೆ ಗೆದ್ದರೂ ಸಿಗುವುದು ಕಡಲೆಕಾಯಿ ದುಡ್ಡು. ಈ ಪುಟದಲ್ಲಿ ಸುದ್ದಿಯೇ ಬೆಲೆಯನ್ನು ತಿದ್ದುತ್ತದೆ. ಹವಾಮಾನ ವರದಿ ಓದಿದ್ದಕ್ಕೆ ಮಳೆ ಬರುವುದಿಲ್ಲ, ರೇಸ್ ವರದಿ ಓದಿದ್ದಕ್ಕೆ ರೇಟು ಇಳಿಯುತ್ತದೆ.

ಈಗ ಆ ನಾಲ್ಕು ಸಾಲು

ಬೆಳ್ಳಿಚುಕ್ಕಿ ಗೆದ್ದಿತು, ಮಿಂಚುಳ್ಳಿ ಎರಡನೆಯದು. ಅಂತರ ‘ನೆಕ್’, ಅಂದರೆ ಕುದುರೆಯ ಕುತ್ತಿಗೆಯಷ್ಟು. ‘1-1/4’ ಅಂದರೆ ಎರಡನೇ ಮತ್ತು ಮೂರನೇ ಕುದುರೆ ನಡುವೆ ಒಂದೂಕಾಲು ಕುದುರೆಯ ಉದ್ದ. ‘ಶಾರ್ಟ್ ಹೆಡ್’ ಅಂದರೆ ಮೂತಿಯ ಅಂತರ ಅನ್ನಿ. ಫೋಟೋ ನೋಡದೆ ಹೇಳಲಾಗುವುದಿಲ್ಲ.

ಒಂದು ಕುದುರೆಯ ಉದ್ದ ಸುಮಾರು 2.4 ಮೀಟರ್. ಕುತ್ತಿಗೆ ಅದರ ಕಾಲು ಭಾಗ ಅಂದುಕೊಂಡರೆ 60 ಸೆಂಟಿಮೀಟರ್. 1,200 ಮೀಟರನ್ನು 1 ನಿಮಿಷ 14.2 ಸೆಕೆಂಡಿನಲ್ಲಿ ಓಡಿದ್ದಾರೆ, ಅಂದರೆ ಸೆಕೆಂಡಿಗೆ 16 ಮೀಟರ್, ಗಂಟೆಗೆ 58 ಕಿಲೋಮೀಟರ್. ಆ ವೇಗದಲ್ಲಿ 60 ಸೆಂಟಿಮೀಟರ್ ದಾಟಲು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ ಸಾಕು. ಆರು ಕೆಜಿ ಜಾಸ್ತಿ ಹೊತ್ತ ಮಿಂಚುಳ್ಳಿ ಸೋತದ್ದು ಅಷ್ಟಕ್ಕೆ. ಹ್ಯಾಂಡಿಕ್ಯಾಪರ್ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡಿರಬೇಕು. ಅವರ ಲೆಕ್ಕದಲ್ಲಿ ಎಲ್ಲ ಕುದುರೆಯೂ ಒಟ್ಟಿಗೇ ಗೆರೆ ಮುಟ್ಟಬೇಕು ತಾನೇ.

ಆಮೇಲೆ ರೂಪಾಯಿ. ‘63 ವಿನ್’ ಅಂದರೆ ಟೋಟ್‌ನಲ್ಲಿ ಬೆಳ್ಳಿಚುಕ್ಕಿ ಗೆಲ್ಲುತ್ತದೆ ಅಂತ 10 ರೂಪಾಯಿ ಕಟ್ಟಿದವರಿಗೆ 63 ವಾಪಸ್. ಟೋಟ್ ಅಂದರೆ ಯಾರೋ ಒಬ್ಬರು ಎದುರಿಗೆ ನಿಂತು ಬಾಜಿ ಒಪ್ಪಿಕೊಳ್ಳುವುದಲ್ಲ. ಎಲ್ಲರ ದುಡ್ಡೂ ಒಂದೇ ಹುಂಡಿಗೆ ಬೀಳುತ್ತದೆ. ಒಟ್ಟು 1,60,000 ರೂಪಾಯಿ ಬಿತ್ತು ಅನ್ನಿ. ತೆರಿಗೆ, ಕ್ಲಬ್ಬಿನ ಪಾಲು ಅಂತ 34,000 ಹೋಯಿತು ಅನ್ನಿ. ಉಳಿದದ್ದು 1,26,000. ಅದರಲ್ಲಿ ಬೆಳ್ಳಿಚುಕ್ಕಿಗೆ ಕಟ್ಟಿದ್ದು ಬರೀ 20,000 ಆದರೆ, 1,26,000ವನ್ನು ಆ 20,000ಕ್ಕೆ ಹಂಚಬೇಕು. ರೂಪಾಯಿಗೆ 6.30. ಹತ್ತು ರೂಪಾಯಿಗೆ 63.

ಈ ಲೆಕ್ಕದಲ್ಲಿ ಮೆಲ್ಲಗೆ ಜಾರಿಹೋದ ಆ 34,000ವನ್ನು ಮರೆಯಬೇಡಿ. ಪ್ರತಿ ರೇಸಿನಲ್ಲೂ ಒಂದು ಪಾಲು ಹುಂಡಿಯಿಂದ ಹೊರಗೆ ಹೋಗುತ್ತದೆ. ಬುದ್ಧಿವಂತರು ದಡ್ಡರ ದುಡ್ಡು ಗೆಲ್ಲಬಹುದು, ಎಲ್ಲರೂ ಸೇರಿ ಮಾತ್ರ ಎಂದೂ ಗೆಲ್ಲಲಾರರು. ಬುಕ್ಕಿಗಳ ದಾರಿ ಬೇರೆ. ಅವರು ಮೊದಲೇ ರೇಟು ಕೂಗುತ್ತಾರೆ, ನೀವು ಕಟ್ಟಿದಾಗ ಇದ್ದ ರೇಟೇ ನಿಮಗೆ. ಕೊನೆಗೆ ಉಳಿಯುವುದು ಅವರದ್ದೂ ಇದೇ ಲೆಕ್ಕ.

‘19, 14, 41’ ಪ್ಲೇಸ್ ಬಾಜಿಯವು. ಮೊದಲ ಮೂರರೊಳಗೆ ಬಂದರೆ ಸಾಕು ಅಂತ ಕಟ್ಟಿದವರಿಗೆ. ಓಡುವ ಕುದುರೆ ಕಮ್ಮಿ ಇದ್ದರೆ ಎರಡೇ ಸ್ಥಾನ. ಎರಡನೇ ಕುದುರೆಗೆ 14, ಮೂರನೆಯದಕ್ಕೆ 41 ಯಾಕೆ? ಎರಡನೆಯದು ಫೇವರಿಟ್, ಎಲ್ಲರೂ ಅದನ್ನೇ ಹಿಡಿದಿದ್ದರು. ಗರುಡಗಂಬ ಮೂರರೊಳಗೆ ಬರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಎಸ್‌ಎಚ್‌ಪಿ, ಟಿಎಚ್‌ಪಿ ಅಂದರೆ ಎರಡನೇ, ಮೂರನೇ ಕುದುರೆ ಯಾವುದು ಅಂತ ಹೇಳುವ ಬಾಜಿ. ಎಫ್‌ಪಿ ಫೋರ್‌ಕಾಸ್ಟ್, ಮೊದಲ ಎರಡನ್ನು ಅದೇ ಸಾಲಿನಲ್ಲಿ ಹೇಳಬೇಕು. ಕ್ಯೂ ಅಂದರೆ ಕ್ವಿನೆಲ್ಲಾ, ಹಿಂದುಮುಂದಾದರೂ ನಡೆಯುತ್ತದೆ. ಅದಕ್ಕೇ ಅದು ಕಮ್ಮಿ. ಜಾಕ್‌ಪಾಟ್ ಅನ್ನುವುದು ಸಾಲಾಗಿ ಐದು ರೇಸಿನ ಗೆದ್ದ ಕುದುರೆ ಹೇಳುವುದು. ನಮ್ಮ ಮಾತಿನಲ್ಲಿ ‘ಜಾಕ್‌ಪಾಟ್ ಹೊಡೆದ’ ಅನ್ನುತ್ತೇವಲ್ಲ, ಬೆಂಗಳೂರಿಗರ ಬಾಯಲ್ಲಿ ಅದಕ್ಕೆ ಈ ಮೈದಾನದ ವಾಸನೆಯೂ ಇದೆ.

ಅದೇ ಮೈದಾನ, ಬೇರೆ ಪುಟ

ಇಷ್ಟು ಓದಿದ ಮೇಲೆ ಒಂದು ವಿಚಿತ್ರ ಕಾಣುತ್ತದೆ. ಕಾಲಂ ಓಟದ ಬಗ್ಗೆ ಎಲ್ಲ ಹೇಳುತ್ತದೆ, ರೇಸ್ ಅನ್ನುವ ಲೋಕದ ಬಗ್ಗೆ ಏನೂ ಹೇಳುವುದಿಲ್ಲ. ಆ ಸುದ್ದಿಗಳು ಬೇರೆ ಪುಟಗಳಲ್ಲಿ ಚದುರಿ ಬಿದ್ದಿವೆ.

ಜಾಗದ ಸುದ್ದಿ ನಗರ ಪುಟದಲ್ಲಿ. ಬೆಂಗಳೂರಿನ ನಟ್ಟನಡುವೆ 80 ಎಕರೆಗೂ ಮೀರಿದ ಆ ಮೈದಾನದ ಲೀಸ್ 2009ರಲ್ಲಿ ಮುಗಿಯಿತು. ಅಲ್ಲಿಂದ ಸರ್ಕಾರಕ್ಕೂ ಕ್ಲಬ್ಬಿಗೂ ಜಗ್ಗಾಟ, ಊರ ಹೊರಗೆ ಹೋಗಿ ಅಂತ ಮಾತು, ಕೋರ್ಟು. 2024ರಲ್ಲಿ ಲೈಸೆನ್ಸ್ ವಿಚಾರ ಹೈಕೋರ್ಟ್ ಮೆಟ್ಟಿಲು ಹತ್ತಿ ಕೆಲ ಕಾಲ ಓಟವೇ ನಿಂತಿತ್ತು. ಅದೇ ವರ್ಷದ ಜನವರಿಯಲ್ಲಿ ಸಿಸಿಬಿ ಪೊಲೀಸರು ಬುಕ್ಕಿಗಳ ಮೇಲೆ ದಾಳಿ ಮಾಡಿದ್ದು ಅಪರಾಧ ಪುಟದಲ್ಲಿ ಬಂತು. ತೆರಿಗೆ ಸುದ್ದಿ ವಾಣಿಜ್ಯ ಪುಟದಲ್ಲಿ. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28ರ ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್‌ನಲ್ಲಿ ಅದು ಶೇ 40ಕ್ಕೆ ಏರಿತು. ಮೇಲೆ ನಾವು ಹುಂಡಿಯಿಂದ ತೆಗೆದ ಪಾಲು ನೆನಪಿದೆಯಲ್ಲ? ಅದು ಹಿಗ್ಗಿದಷ್ಟೂ ‘63’ ಅನ್ನುವ ಅಂಕಿ ಕುಗ್ಗುತ್ತದೆ. ಕ್ರೀಡಾ ಪುಟದ ಚೌಕವನ್ನು ಇಷ್ಟು ನೇರವಾಗಿ ಮುಟ್ಟುವ ಸುದ್ದಿಯನ್ನು ಕ್ರೀಡಾ ಪುಟ ಹೇಳುವುದಿಲ್ಲ.

ಇದು ಆಟವೋ ಜೂಜೋ ಅನ್ನುವ ಹಳೇ ಜಗಳವೂ ಇದೆ. 1996ರಲ್ಲಿ ಮದ್ರಾಸ್ ರೇಸ್ ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕುದುರೆ ರೇಸ್ ಮುಖ್ಯವಾಗಿ ಕೌಶಲದ ಆಟ ಅಂದಿತು. ಕಾನೂನಿನ ಮಟ್ಟಿಗೆ ಅದು ಸರಿ. ಪೇಪರಿನವರು ಮಾತ್ರ ಇನ್ನೂ ತೀರ್ಮಾನಕ್ಕೆ ಬಂದಂತಿಲ್ಲ. ಆಟ ಅಂದುಕೊಂಡಿದ್ದರೆ ಆಟಗಾರರ ಬಗ್ಗೆ ಬರೆಯುತ್ತಿದ್ದರು. ಜೂಜು ಅಂದುಕೊಂಡಿದ್ದರೆ ಟಿಪ್ಸ್ ಹಾಕುತ್ತಿರಲಿಲ್ಲ.

ಕರಾವಳಿಯ ಕಂಬಳ ನೋಡಿ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಕೆಲವೇ ದಿನಗಳಲ್ಲಿ ಉಸೇನ್ ಬೋಲ್ಟ್ ಹೆಸರಿನ ಪಕ್ಕ ಅವರ ಹೆಸರು ಬಂತು. ಅವರ ಊರು, ಕಸುಬು, ಕಾಲಿನ ನೋವು ಎಲ್ಲ ನಮಗೆ ಗೊತ್ತಾಯಿತು. ಕೋಣ ಓಡಿಸುವವರಿಗೆ ಮುಖ ಇದೆ. ಉತ್ತರ ಕರ್ನಾಟಕದ ಜಾತ್ರೆಗಳ ಗಾಡಿ ಶರತ್ತಿನಲ್ಲೂ ಗೆದ್ದ ಗಾಡಿ ಯಾರದು, ಯಾವ ಊರಿನದು ಅಂತ ಜಿಲ್ಲಾ ಪುಟದಲ್ಲಿ ಬರುತ್ತದೆ. ಬೆಂಗಳೂರಿನ ಮೈದಾನದಲ್ಲಿ ಸೂರಜ್ ನರ್ರೆಡು ಅಥವಾ ಶ್ರೀನಾಥ್ ಅವರಂಥ ಹೆಸರಾಂತ ಜಾಕಿಗಳು ಸಾವಿರಾರು ಸಲ ಕುದುರೆ ಹತ್ತಿದ್ದಾರೆ. ಹೆಸರು ರೇಸಿನವರಿಗೆಲ್ಲ ಗೊತ್ತು, ಆದರೆ ಬ್ರಾಕೆಟ್ಟಿನೊಳಗೆ ಅಷ್ಟೆ. ಆ ಜಾಕಿಗಳು ತೂಕ ಇಳಿಸಲು ಊಟ ಬಿಡುವುದು, ಬಿದ್ದು ಮೂಳೆ ಮುರಿದುಕೊಳ್ಳುವುದು ಯಾವ ಪುಟದ್ದೂ ಅಲ್ಲ.

ಕಾರಣ ಸರಳ. ಈ ಚೌಕವನ್ನು ಓದುವವರು ಕಮ್ಮಿ, ಆದರೆ ಓದುವವರು ಒಂದಂಕಿ ತಪ್ಪಾದರೂ ಫೋನ್ ಮಾಡುವವರು. ಅವರಿಗೆ ಕಥೆ ಬೇಡ, ತೂಕ ಬೇಕು, ಸಮಯ ಬೇಕು. ಜಾಗವೂ ಅಷ್ಟೇ ಇದೆ. ಹಾಗಾಗಿ ಕಾಲಂ ಹೀಗೆ ಒಣಗಿ ಒಣಗಿ ಬರೀ ಅಂಕಿಯಾಯಿತು. ಈಗಂತೂ ಅಂಕಿಗಳೂ ಮೊಬೈಲಿನಲ್ಲೇ ಸಿಗುತ್ತವೆ, ಓಟವೂ ಅಲ್ಲೇ ಕಾಣುತ್ತದೆ. ಪೇಪರಿಗೆ ಉಳಿದಿರುವುದು ಬೇರೆಲ್ಲೂ ಸಿಗದ ಕಥೆಗಳು. ಅವನ್ನು ಬರೆಯುವವರು ಬೇಕು.

ಎಲ್ಲಿಂದ ಶುರು ಮಾಡಬಹುದು ಅಂದರೆ, ಆ ನಾಲ್ಕು ಸಾಲಿನಲ್ಲಿ ನಾನಿನ್ನೂ ಬಿಡಿಸದೆ ಬಿಟ್ಟ ಒಂದು ತುಂಡಿದೆ. ‘ನಾಟ್ ರನ್: ಹೂಮಳೆ.’ ಕಾರ್ಡಿನಲ್ಲಿ ಹೆಸರಿತ್ತು, ಓಡಲಿಲ್ಲ. ಬೆಳಗ್ಗೆ ನಾಲ್ಕಕ್ಕೆ ಲಾಯದಲ್ಲಿ ಸೈಸ್ ಕುದುರೆಯ ಮುಂಗಾಲು ಮುಟ್ಟಿ ನೋಡಿದಾಗ ಬಿಸಿಯಾಗಿತ್ತೋ ಏನೋ. ಹುರುಳಿ ಹಾಗೇ ಬಿಟ್ಟಿತ್ತೋ ಏನೋ. ಅವನು ಹೋಗಿ ಟ್ರೈನರ್‌ಗೆ ಹೇಳಿರಬೇಕು, ಡಾಕ್ಟರ್ ಬಂದಿರಬೇಕು. ರೈಡಿಂಗ್ ಬಾಯ್‌ಗೆ ಎರಡು ಅಕ್ಷರವಾದರೂ ಸಿಕ್ಕಿತ್ತು. ಕುದುರೆ ಜತೆಯಲ್ಲೇ ಮಲಗಿ ಏಳುವ ಸೈಸ್‌ಗೆ ಕಾಲಂನಲ್ಲಿ ಒಂದು ಅಕ್ಷರವೂ ಇಲ್ಲ. ಬೆಳ್ಳಿಚುಕ್ಕಿ ಗೆರೆ ಮುಟ್ಟಿ ಜನ ಕೂಗುತ್ತಿದ್ದ ಹೊತ್ತಿಗೆ ಅವನು ಹೂಮಳೆಯ ಕಾಲಿಗೆ ತಣ್ಣೀರು ಬಿಡುತ್ತಾ ಕೂತಿದ್ದಿರಬಹುದು.